ಡ್ರಮ್ಮಿನ ಹಿಂದೆ ಕೂತ ಬೀಟ್‌ಗಾರ: ಪ್ಲುಟಾನಿಕ್ ಲ್ಯಾಬ್ ಪ್ರಕರಣ

ಆಸ್ಟ್ರೇಲಿಯಾದ ಹಿಪ್ ಹಾಪ್ ಅಂದರೆ ಮೊದಲು ನೆನಪಾಗುವುದು ಹಿಲ್‌ಟಾಪ್ ಹುಡ್ಸ್. ಅಡಿಲೇಡ್‌ನ ತಂಡ. ಸಫಾ, ಪ್ರೆಶರ್ ಎಂಬ ಇಬ್ಬರು ರ್‍ಯಾಪರ್‌ಗಳು, ಜೊತೆಗೆ ಡೀಜೆ ಡೆಬ್ರಿಸ್. ಪೋಸ್ಟರ್‌ನಲ್ಲಿ ಇರುವುದು ಈ ಮೂವರೇ. ಆದರೆ ಅವರ ದೊಡ್ಡ ಕಾರ್ಯಕ್ರಮ ನೋಡಿದವರಿಗೆ ಗೊತ್ತು, ವೇದಿಕೆಯ ಹಿಂಭಾಗದಲ್ಲಿ ಇನ್ನೊಬ್ಬರು ಡ್ರಮ್ ಸೆಟ್ ಮುಂದೆ ಕೂತಿರುತ್ತಾರೆ. ಲೀ ರಯನ್. ಮೆಲ್ಬರ್ನ್‌ನವರು. ವೇದಿಕೆಯ ಹೆಸರು ಪ್ಲುಟಾನಿಕ್ ಲ್ಯಾಬ್.

ಇವರು ಬಾಡಿಗೆಗೆ ಕರೆಸಿದ ಡ್ರಮ್ಮರ್ ಅಲ್ಲ. ಆ ಹೊತ್ತಿಗಾಗಲೇ ತಮ್ಮದೇ ಆಲ್ಬಂಗಳನ್ನು ಮಾಡಿ ಹೆಸರು ಪಡೆದಿದ್ದ ಪ್ರೊಡ್ಯೂಸರ್. (ಹಿಪ್ ಹಾಪ್‌ನಲ್ಲಿ ಪ್ರೊಡ್ಯೂಸರ್ ದುಡ್ಡು ಹಾಕುವವರಲ್ಲ. ರ್‍ಯಾಪ್‌ನ ಕೆಳಗೆ ಓಡುವ ಇಡೀ ಸಂಗೀತವನ್ನು ಕಟ್ಟುವವರು. ಆ ಸಂಗೀತಕ್ಕೇ ಬೀಟ್ ಅನ್ನುತ್ತಾರೆ.) ಹಾಗಿದ್ದವರು ಬೇರೆಯವರ ಹಾಡಿಗೆ ಡ್ರಮ್ ಬಾರಿಸಲು ಯಾಕೆ ಕೂತರು? ಅದರಿಂದ ಅವರ ಸಂಗೀತಕ್ಕೆ ಏನು ಸಿಕ್ಕಿತು, ಏನು ಹೋಯಿತು? ಈ ಬರಹ ಅದರ ಬಗ್ಗೆ. ಇವು ಎರಡು ಕೆಲಸ ಅಂತ ನೋಡಿದರೆ ಅವರ ದಾರಿ ಅರ್ಥವಾಗುವುದಿಲ್ಲ. ಎರಡೂ ಒಂದೇ ಕೈಯ ಕೆಲಸ ಅನ್ನುವುದು ನನ್ನ ವಾದ.

ಮೊದಲು ಅವರು ಬೆಳೆದ ಜಾಗ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು.

ಹಿಪ್ ಹಾಪ್ ಆಸ್ಟ್ರೇಲಿಯಾಕ್ಕೆ ಬಂದಿದ್ದು 1980ರ ದಶಕದಲ್ಲಿ. ಸಿಡ್ನಿಯ ಪಶ್ಚಿಮದ ಬಡಾವಣೆಗಳಲ್ಲಿ ಮೊದಲು ಬೇರು ಬಿಟ್ಟಿತು. 1992ರಲ್ಲಿ ಸೌಂಡ್ ಅನ್‌ಲಿಮಿಟೆಡ್ ಎಂಬ ತಂಡದ ಆಲ್ಬಂ ದೊಡ್ಡ ಕಂಪನಿಯೊಂದರಿಂದ ಹೊರಬಂತು. ಮರುವರ್ಷ ಡೆಫ್ ವಿಶ್ ಕಾಸ್ಟ್ ತಮ್ಮ ಆಲ್ಬಂ ತಂದರು. ಅಷ್ಟಾದರೂ ಅದು ದೊಡ್ಡ ಮಾರುಕಟ್ಟೆಯಾಗಲಿಲ್ಲ. ಅಮೆರಿಕನ್ನರ ಉಚ್ಚಾರಣೆಯಲ್ಲೇ ರ್‍ಯಾಪ್ ಮಾಡಬೇಕಾ, ನಮ್ಮ ಊರಿನ ದನಿಯಲ್ಲೇ ಮಾಡಬಹುದಾ ಅನ್ನುವ ಜಗಳ ವರ್ಷಗಟ್ಟಲೆ ನಡೆಯಿತು. ಊರಿನ ದನಿಯೇ ಗೆದ್ದಿತು. ಆದರೆ ಅದನ್ನು ಕೇಳುವ ಜನ ಕಡಿಮೆ. ಸಮುದಾಯ ರೇಡಿಯೋ, ಸಣ್ಣ ಪಬ್‌ಗಳು, ಒಂದೆರಡು ರೆಕಾರ್ಡ್ ಅಂಗಡಿ. ಅಷ್ಟೇ.

ಮೆಲ್ಬರ್ನ್‌ನ ಒಬೀಸ್ ರೆಕಾರ್ಡ್ಸ್ ಅಂಥದ್ದೇ ಒಂದು ಅಂಗಡಿ. ಪೆಗ್ಝ್ ಎಂಬ ರ್‍ಯಾಪರ್ ಅದರ ಹೊಣೆ ಹೊತ್ತ ಮೇಲೆ ಅದು ದೇಶದ ಮುಖ್ಯ ಹಿಪ್ ಹಾಪ್ ಲೇಬಲ್ (ಆಲ್ಬಂ ಹೊರತರುವ ಕಂಪನಿ) ಆಗಿ ಬೆಳೆಯಿತು. 2003ರಲ್ಲಿ ಹಿಲ್‌ಟಾಪ್ ಹುಡ್ಸ್‌ನ 'ದ ಕಾಲಿಂಗ್' ಆಲ್ಬಂ ಇಲ್ಲಿಂದಲೇ ಬಂತು. ಅದು ಪ್ಲಾಟಿನಂ ಮುಟ್ಟಿದ ಮೊದಲ ಆಸ್ಟ್ರೇಲಿಯನ್ ಹಿಪ್ ಹಾಪ್ ಆಲ್ಬಂ. ಅಲ್ಲಿ ಪ್ಲಾಟಿನಂ ಅಂದರೆ 70,000 ಪ್ರತಿ. ನಮಗೆ ಈ ಸಂಖ್ಯೆ ಚಿಕ್ಕದಾಗಿ ಕಾಣಬಹುದು. ಆದರೆ ಆಗ ಇಡೀ ಆಸ್ಟ್ರೇಲಿಯಾದ ಜನಸಂಖ್ಯೆಯೇ ಸುಮಾರು 2 ಕೋಟಿ. ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಪ್ಲುಟಾನಿಕ್ ಲ್ಯಾಬ್ ಮತ್ತು ಮಫ್ ಜೋಡಿ ರೂಪುಗೊಂಡಿದ್ದು ಇದೇ ಲೇಬಲ್‌ನಲ್ಲಿ. ಮಫ್ ರ್‍ಯಾಪರ್, ಪ್ಲುಟಾನಿಕ್ ಬೀಟ್. ಮೂರು ಆಲ್ಬಂ ಬಂದವು: 2004ರಲ್ಲಿ 'ಹಂಗರ್ ಪೇನ್ಸ್', 2006ರಲ್ಲಿ 'ಸೈಲೆನ್ಸ್ ದ ಸೈರೆನ್ಸ್', 2008ರಲ್ಲಿ '...ಆಂಡ್ ದೆನ್ ಟುಮಾರೋ ಕೇಮ್'. ನಡುವೆ 2005ರಲ್ಲಿ ಪ್ಲುಟಾನಿಕ್ ಹೆಸರಿನಲ್ಲೇ 'ಕೋಡ್ಸ್ ಓವರ್ ಕಲರ್ಸ್' ಬಂತು. ಐದು ವರ್ಷದಲ್ಲಿ ನಾಲ್ಕು ಆಲ್ಬಂ.

ಇಲ್ಲಿ ಒಂದು ವಿಷಯ ಗಮನಿಸಬೇಕು. ರ್‍ಯಾಪರ್ ಒಬ್ಬರು ಆಲ್ಬಂ ಮಾಡುವಾಗ ಹತ್ತು ಜನರಿಂದ ಹತ್ತು ಬೀಟ್ ತರಿಸುವುದು ವಾಡಿಕೆ. ಅದರಲ್ಲಿ ಬೀಟ್ ಮಾಡಿದವರು ಇಮೇಲ್‌ನಲ್ಲಿ ಫೈಲ್ ಕಳಿಸಿದರೆ ಮುಗಿಯಿತು. ಮಫ್ ಮತ್ತು ಪ್ಲುಟಾನಿಕ್ ಹಾಗೆ ಮಾಡಲಿಲ್ಲ. ಒಬ್ಬರ ಮಾತು, ಒಬ್ಬರ ಸಂಗೀತ, ಕವರ್ ಮೇಲೆ ಇಬ್ಬರ ಹೆಸರೂ ಸಮಸಮ. ಹಾಗೆ ಕೂತಾಗ ಬೀಟ್ ಮಾಡುವವರು ಎದುರಿಗಿರುವವರ ಉಸಿರು ಕಲಿಯಬೇಕಾಗುತ್ತದೆ. ಮಫ್ ಬರೆಯುವುದು ದಿನದಿನದ ಬದುಕಿನ ಬಗ್ಗೆ. ಬಡಾವಣೆ, ಕೆಲಸ, ಮನಸ್ಸಿನ ಏರಿಳಿತ. ಎದುರಿಗೆ ಕೂತು ಮಾತಾಡಿದ ಹಾಗೆ ಹೇಳುತ್ತಾರೆ. ಅಂಥ ದನಿಯ ಕೆಳಗೆ ಡ್ರಮ್ ಅಬ್ಬರಿಸಿದರೆ ಮಾತು ಸಾಯುತ್ತದೆ. ತೀರಾ ಸಪ್ಪೆಯಾದರೆ ಹಾಡು ಮುಂದೆ ಹೋಗುವುದಿಲ್ಲ. ಪ್ಲುಟಾನಿಕ್ ಬೀಟ್‌ನಲ್ಲಿ ನನಗೆ ಮೊದಲು ಹಿಡಿಸಿದ್ದು ಇದೇ. ಸ್ನೇರ್ (ಚಟ್ ಅಂತ ಸದ್ದು ಮಾಡುವ ಚಿಕ್ಕ ಡ್ರಮ್) ದಪ್ಪಗಿರುತ್ತದೆ, ಆದರೆ ಮಾತಿಗೆ ಅಡ್ಡ ಬರುವುದಿಲ್ಲ.

ಇದು ಡ್ರಮ್ ಗೊತ್ತಿರುವ ಕೈಯಿಂದ ಬಂದದ್ದು. ಯಾಕೆ ಅಂತ ಹೇಳಲು ಸ್ವಲ್ಪ ಯಂತ್ರದ ಒಳಗೆ ಹೋಗಬೇಕು.

ಹಿಪ್ ಹಾಪ್‌ನ ಬೀಟ್ ಹುಟ್ಟಿದ್ದು ಹಳೆಯ ರೆಕಾರ್ಡ್‌ಗಳ ಡ್ರಮ್ ತುಣುಕುಗಳಿಂದ. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಯಂತ್ರದಲ್ಲಿ ಸುಮಾರು 10 ಸೆಕೆಂಡ್‌ನಷ್ಟೇ ಧ್ವನಿ ಹಿಡಿದಿಡಬಹುದಿತ್ತು. ಮರುವರ್ಷ ಆಕಾಯ್ ಕಂಪನಿ ರೋಜರ್ ಲಿನ್ ವಿನ್ಯಾಸ ಮಾಡಿದ ಎಂಪಿಸಿ60 ತಂದಿತು. ಹದಿನಾರು ರಬ್ಬರ್ ಪ್ಯಾಡ್. ಒಂದು ಪ್ಯಾಡ್‌ಗೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಇನ್ನೊಂದಕ್ಕೆ ಸ್ನೇರ್, ಮತ್ತೊಂದಕ್ಕೆ ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ). ಬೆರಳಿನಿಂದ ಬಡಿದರೆ ಯಂತ್ರ ಅದನ್ನು ನೆನಪಿಟ್ಟು, ಬೇಕಾದರೆ ತಾಳಕ್ಕೆ ಸರಿಯಾಗಿ ಜೋಡಿಸಿ, ಮತ್ತೆ ಮತ್ತೆ ನುಡಿಸುತ್ತದೆ.

ಈ 'ಸರಿಯಾಗಿ ಜೋಡಿಸುವುದು' ಅನ್ನುವ ಜಾಗದಲ್ಲೇ ಗುಟ್ಟಿರುವುದು. ನಿಮಿಷಕ್ಕೆ 90 ಬಡಿತದ ಒಂದು ಹಾಡು ತೆಗೆದುಕೊಳ್ಳಿ. ಹಿಪ್ ಹಾಪ್‌ಗೆ ತೀರಾ ಸಾಮಾನ್ಯ ವೇಗ. ಒಂದು ಬಡಿತಕ್ಕೆ ಸುಮಾರು 667 ಮಿಲಿಸೆಕೆಂಡ್. ಅದನ್ನು ನಾಲ್ಕು ಮಾಡಿದರೆ ತಲಾ 167. ಯಂತ್ರ ಗಣಿತದಂತೆ ನುಡಿಸಿದರೆ ಹೈ-ಹ್ಯಾಟ್ ಪ್ರತಿ 167 ಮಿಲಿಸೆಕೆಂಡ್‌ಗೆ ಒಂದು ಬೀಳುತ್ತದೆ. ಕೇಳಲು ಹೊಲಿಗೆ ಯಂತ್ರದ ಹಾಗಿರುತ್ತದೆ. ಎಂಪಿಸಿಯಲ್ಲಿ 'ಸ್ವಿಂಗ್' ಅಂತ ಒಂದು ಸೆಟ್ಟಿಂಗ್ ಇದೆ. 50 ಅಂದರೆ ನೇರ. ಅದನ್ನು 54ಕ್ಕೆ ಏರಿಸಿದರೆ ಪ್ರತಿ ಎರಡನೇ ಪೆಟ್ಟು 167ರ ಬದಲು 180ಕ್ಕೆ ಬೀಳುತ್ತದೆ. 13 ಮಿಲಿಸೆಕೆಂಡ್ ತಡ. ಕಣ್ಣು ಮಿಟುಕಿಸುವುದಕ್ಕೆ ಇದರ ಎಷ್ಟೋ ಪಟ್ಟು ಹೊತ್ತು ಬೇಕು. ಆದರೂ ಅಷ್ಟರಿಂದಲೇ ತಲೆ ತೂಗುವುದು ಶುರುವಾಗುತ್ತದೆ.

ಈ 13 ಮಿಲಿಸೆಕೆಂಡ್ ಡ್ರಮ್ಮರ್‌ಗೆ ಹೊಸದಲ್ಲ. ಅದು ಅವರ ಮಣಿಕಟ್ಟಿನಲ್ಲೇ ಇರುತ್ತದೆ. ಸ್ನೇರನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದರೆ ಹಾಡು ಆರಾಮವಾಗಿ ಕೂರುತ್ತದೆ, ಮುಂದಕ್ಕೆ ತಳ್ಳಿದರೆ ಅವಸರ ಹುಟ್ಟುತ್ತದೆ. ಡೆಟ್ರಾಯಿಟ್‌ನ ಜೆ ಡಿಲ್ಲಾ ಯಂತ್ರದ ಈ ಸರಿಪಡಿಸುವ ಗುಣವನ್ನೇ ಎಷ್ಟೋ ಕಡೆ ಪಕ್ಕಕ್ಕಿಟ್ಟು, ಬೆರಳು ಬಿದ್ದ ಹಾಗೆಯೇ ಬಿಟ್ಟರು. ಅಲ್ಲಿಂದ ಒಂದು ದೊಡ್ಡ ಪರಂಪರೆಯೇ ಬೆಳೆಯಿತು. ದ ರೂಟ್ಸ್ ತಂಡದ ಡ್ರಮ್ಮರ್ ಕ್ವೆಸ್ಟ್‌ಲವ್, ಡಿಲ್ಲಾ ಯಂತ್ರದಲ್ಲಿ ಮಾಡಿದ್ದನ್ನು ಕೋಲು ಹಿಡಿದು ನುಡಿಸಲು ಕಲಿತರು. ಅಂದರೆ ಡ್ರಮ್ಮರ್ ಯಂತ್ರಕ್ಕೆ ಕಲಿಸಿದ, ಯಂತ್ರ ಮತ್ತೆ ಡ್ರಮ್ಮರ್‌ಗೆ ಕಲಿಸಿತು. ಪ್ಲುಟಾನಿಕ್ ನಿಂತಿರುವುದು ಈ ಎರಡು ದಾರಿ ಕೂಡುವ ಜಾಗದಲ್ಲಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನನಗೆ ತುಂಬಾ ಮುಖ್ಯವಾದದ್ದು. ಹಿಪ್ ಹಾಪ್ ಡ್ರಮ್ಮರ್‌ಗಳಿಗೆ ದೊಡ್ಡ ಅನ್ಯಾಯ ಮಾಡಿದೆ. ಜೇಮ್ಸ್ ಬ್ರೌನ್ ತಂಡದ ಕ್ಲೈಡ್ ಸ್ಟಬಲ್‌ಫೀಲ್ಡ್ 1970ರಲ್ಲಿ ಹೊರಬಂದ 'ಫಂಕಿ ಡ್ರಮ್ಮರ್'ನಲ್ಲಿ ಬಾರಿಸಿದ ತುಣುಕು ಲೆಕ್ಕವಿಲ್ಲದಷ್ಟು ರ್‍ಯಾಪ್ ಹಾಡುಗಳಲ್ಲಿದೆ. ಹಾಡಿನ ಹಕ್ಕಿನಲ್ಲಿ ಅವರ ಹೆಸರಿರಲಿಲ್ಲ. ಹಾಗಾಗಿ ಪಾಲೂ ಇರಲಿಲ್ಲ. ದ ವಿನ್‌ಸ್ಟನ್ಸ್ ತಂಡದ ಗ್ರೆಗರಿ ಕೋಲ್ಮನ್ 1969ರಲ್ಲಿ ಬಾರಿಸಿದ ಆರೇಳು ಸೆಕೆಂಡ್‌ನ ಡ್ರಮ್ ಮೇಲೆ ಇಡೀ ಇಡೀ ಸಂಗೀತ ಪ್ರಕಾರಗಳೇ ನಿಂತವು. ಅವರು 2006ರಲ್ಲಿ ತೀರಿಕೊಂಡರು. ಆ ತುಣುಕಿನಿಂದ ಅವರಿಗೆ ಏನೂ ಸಿಗಲಿಲ್ಲ. ತಾನೇ ಡ್ರಮ್ಮರ್ ಆಗಿರುವ ಪ್ರೊಡ್ಯೂಸರ್‌ಗೆ ಈ ವಿಷಯದಲ್ಲಿ ಒಂದು ಸ್ವಾತಂತ್ರ್ಯ ಇದೆ. ಹಳೆಯ ರೆಕಾರ್ಡ್‌ನ ತುಣುಕು ಬೇಕಾದರೆ ತೆಗೆದುಕೊಳ್ಳಬಹುದು. ಬೇಡವಾದರೆ ಮೈಕ್ ಇಟ್ಟು ತಾನೇ ಬಾರಿಸಿ, ಅದನ್ನೇ ಕತ್ತರಿಸಿ ಬೀಟ್ ಮಾಡಬಹುದು. ಆಗ ಆ ಧ್ವನಿ ಬೇರೆ ಯಾರ ರೆಕಾರ್ಡ್‌ನಲ್ಲೂ ಇರುವುದಿಲ್ಲ, ಯಾರ ಪಾಲನ್ನೂ ಕಿತ್ತುಕೊಂಡಿರುವುದಿಲ್ಲ.

ಈಗ ವೇದಿಕೆಗೆ ಬರೋಣ.

ಹಿಲ್‌ಟಾಪ್ ಹುಡ್ಸ್ 2006ರಲ್ಲಿ 'ದ ಹಾರ್ಡ್ ರೋಡ್' ತಂದಾಗ ಅದು ಆರಿಯಾ ಪಟ್ಟಿಯಲ್ಲಿ (ಆಸ್ಟ್ರೇಲಿಯಾದಲ್ಲಿ ಹೆಚ್ಚು ಮಾರಾಟವಾದ ಆಲ್ಬಂಗಳ ಪಟ್ಟಿ) ಮೊದಲ ಸ್ಥಾನಕ್ಕೆ ಹೋಯಿತು. ಯಾವ ಆಸ್ಟ್ರೇಲಿಯನ್ ಹಿಪ್ ಹಾಪ್ ಆಲ್ಬಮ್ಮೂ ಅದಕ್ಕೆ ಮೊದಲು ಅಲ್ಲಿಗೆ ಹೋಗಿರಲಿಲ್ಲ. ಮರುವರ್ಷ ಅದೇ ಆಲ್ಬಮ್ಮನ್ನು ಅಡಿಲೇಡ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಮರುರೂಪಿಸಿದರು. ಆಮೇಲೆ ಒಬೀಸ್ ಬಿಟ್ಟು ಗೋಲ್ಡನ್ ಇರಾ ಎಂಬ ಸ್ವಂತ ಲೇಬಲ್ ಕಟ್ಟಿ, 2009ರಲ್ಲಿ 'ಸ್ಟೇಟ್ ಆಫ್ ದ ಆರ್ಟ್' ತಂದರು. ಸಭಾಂಗಣಗಳು ದೊಡ್ಡದಾಗುತ್ತಾ ಹೋದವು. ಇಬ್ಬರು ರ್‍ಯಾಪರ್, ಒಬ್ಬ ಡೀಜೆ ಪಬ್ಬಿಗೆ ಸಾಕು. ಹತ್ತು ಸಾವಿರ ಜನರ ಮುಂದೆ ಸಾಲುವುದಿಲ್ಲ. ಅಷ್ಟು ದೂರದಿಂದ ನೋಡುವವರಿಗೆ ಕೈ ಎತ್ತಿ ಬಾರಿಸುವ ಒಂದು ದೇಹ ಬೇಕು. ಆ ಜಾಗಕ್ಕೆ ಬಂದವರು ಪ್ಲುಟಾನಿಕ್. ಒಮ್ಮೆ ಬಂದವರು ಪ್ರವಾಸದ ಮೇಲೆ ಪ್ರವಾಸ ಅಲ್ಲೇ ಕೂತರು.

ರಾಕ್ ಡ್ರಮ್ಮರ್‌ಗೂ ಹಿಪ್ ಹಾಪ್ ಡ್ರಮ್ಮರ್‌ಗೂ ಬಹಳ ವ್ಯತ್ಯಾಸ ಇದೆ. ರಾಕ್‌ನಲ್ಲಿ ತೋರಿಸಿಕೊಳ್ಳಲು ಜಾಗ ಇದೆ. ಇಲ್ಲಿ ತಡೆದುಕೊಳ್ಳುವುದೇ ಕೆಲಸ. ರೆಕಾರ್ಡ್‌ನಲ್ಲಿ ಎರಡು ಸಾಲಿನ ಲೂಪ್ (ಮತ್ತೆ ಮತ್ತೆ ತಿರುಗುವ ತುಣುಕು) ಅರವತ್ತು ಸಲ ತಿರುಗಿದ್ದರೆ ವೇದಿಕೆಯಲ್ಲೂ ಅರವತ್ತು ಸಲ ಅದೇ ತೂಕದಲ್ಲಿ ಬಾರಿಸಬೇಕು. ಕೇಳುಗರಿಗೆ ಆ ಹಾಡು ಬಾಯಿಪಾಠ. ಸ್ನೇರ್ ಒಂದು ಕಡೆ ಜಾಸ್ತಿಯಾದರೂ ಅವರಿಗೆ ಗೊತ್ತಾಗುತ್ತದೆ. ಕಿವಿಯಲ್ಲಿ ಕ್ಲಿಕ್ (ತಾಳ ಎಣಿಸುವ ಟಿಕ್ ಟಿಕ್ ಸದ್ದು) ಓಡುತ್ತಿರುತ್ತದೆ, ಯಾಕೆಂದರೆ ರೆಕಾರ್ಡ್‌ನಿಂದ ಬರುವ ತುಣುಕುಗಳ ಜೊತೆ ಒಂದಿಷ್ಟೂ ಜಾರುವಂತಿಲ್ಲ. ಸ್ನೇರ್‌ನ ಗುಂಯ್ ಅನ್ನುವ ನಾದವನ್ನು ಟೇಪ್ ಅಂಟಿಸಿ ಅಡಗಿಸಬೇಕು, ಹಳೆಯ ರೆಕಾರ್ಡ್‌ನ ಒಣ ಪೆಟ್ಟಿನ ಹಾಗೆ ಕೇಳಿಸಲಿ ಅಂತ. ಇನ್ನೂ ಮುಖ್ಯವಾದದ್ದು ನಿಲ್ಲಿಸುವುದು. ರ್‍ಯಾಪರ್ ಒಂದು ಸಾಲಿನ ಕೊನೆಗೆ ಬಂದಾಗ, ಎಲ್ಲರೂ ಕಾಯುತ್ತಿರುವ ಆ ಮಾತು ಬೀಳುವ ಮುಂಚೆ, ಡ್ರಮ್ ಪೂರ್ತಿ ನಿಲ್ಲಬೇಕು. ಆ ಖಾಲಿ ಜಾಗದಲ್ಲಿ ಸಾವಿರಾರು ಜನ ಆ ಮಾತನ್ನು ಕೂಗುತ್ತಾರೆ. ಮತ್ತೆ ಒಂದನೇ ಬಡಿತಕ್ಕೆ ಕಿಕ್ ಸರಿಯಾಗಿ ಬೀಳಬೇಕು.

ಇದನ್ನು ಒಳ್ಳೆಯ ಡ್ರಮ್ಮರ್ ಯಾರಾದರೂ ಕಲಿಯಬಹುದು, ನಿಜ. ಆದರೆ ಬೀಟ್ ಕಟ್ಟುವವರಿಗೆ ಇದು ಕಲಿಯಬೇಕಾದ ವಿಷಯವಲ್ಲ. ಎಲ್ಲಿ ಡ್ರಮ್ ಎತ್ತಬೇಕು, ಎಲ್ಲಿ ಇಳಿಸಬೇಕು ಅನ್ನುವುದು ಸ್ಟುಡಿಯೋದಲ್ಲಿ ಅವರು ವರ್ಷಗಟ್ಟಲೆ ಮಾಡಿದ್ದೇ. 'ದ ನೋಸ್‌ಬ್ಲೀಡ್ ಸೆಕ್ಷನ್' ನೋಡಿ. ಹಿಲ್‌ಟಾಪ್ ಹುಡ್ಸ್‌ನ ಅತಿ ಪ್ರೀತಿಯ ಹಾಡು, 2003ರದ್ದು. ಅದು ನಿಂತಿರುವುದು ಮೆಲನಿ ಎಂಬ ಗಾಯಕಿಯ ಹಳೆಯ ಹಾಡಿನ ಸ್ಯಾಂಪಲ್ (ಕತ್ತರಿಸಿ ತೆಗೆದುಕೊಂಡ ತುಣುಕು) ಮೇಲೆ. 2025ರಲ್ಲಿ ಟ್ರಿಪಲ್ ಜೆ ರೇಡಿಯೋ ಆಸ್ಟ್ರೇಲಿಯಾದ ಹಾಡುಗಳಲ್ಲಿ ಅತ್ಯುತ್ತಮ ನೂರನ್ನು ಆರಿಸಲು ಕೇಳುಗರನ್ನು ಕೇಳಿದಾಗ ಇದಕ್ಕೆ ಎರಡನೇ ಸ್ಥಾನ ಬಂತು. ಇಂಥ ಹಾಡಿಗೆ ವೇದಿಕೆಯಲ್ಲಿ ಡ್ರಮ್ ಬಾರಿಸುವಾಗ ಸ್ಯಾಂಪಲ್‌ಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಸ್ಯಾಂಪಲ್ ಕತ್ತರಿಸಿ ಗೊತ್ತಿರುವವರಿಗೆ ತಾನಾಗಿಯೇ ಗೊತ್ತಿರುತ್ತದೆ.

ಇನ್ನು ಹೊಟ್ಟೆಪಾಡಿನ ಮಾತು. ಇದನ್ನು ಬಿಟ್ಟು ಕಲಾವಿದರ ಬಗ್ಗೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

2 ಕೋಟಿ ಜನರ ದೇಶ ಅಂದೆನಲ್ಲ, ಅದರಲ್ಲಿ ಹಿಪ್ ಹಾಪ್ ಕೇಳುವವರು ಎಷ್ಟು, ಅವರಲ್ಲಿ ಆಲ್ಬಂ ಕೊಳ್ಳುವವರು ಎಷ್ಟು? ಬೀಟ್ ಮಾಡುವವರಿಗೆ ಸಾಮಾನ್ಯವಾಗಿ ಹಾಡಿನ ಹಕ್ಕಿನಲ್ಲಿ ಒಂದು ಪಾಲು ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಆಪ್ರಾ ಎಂಬ ಸಂಸ್ಥೆ ರೇಡಿಯೋ, ಟೀವಿ, ವೇದಿಕೆಗಳಿಂದ ಈ ಹಣ ಸಂಗ್ರಹಿಸಿ ಹಾಡು ಬರೆದವರಿಗೆ, ಸಂಗೀತ ಮಾಡಿದವರಿಗೆ ಹಂಚುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಹಾಡು ಜಾಸ್ತಿ ಓಡಿದರೆ ತಾನೇ ಹಣ? ಅದರ ಮೇಲೆ ಸಿಡಿ ಮಾರಾಟ ಕುಸಿಯಿತು, ಸ್ಟ್ರೀಮಿಂಗ್ ಬಂತು. ವೇದಿಕೆಯೇ ಮುಖ್ಯ ಆದಾಯವಾಯಿತು. ವೇದಿಕೆಯ ಮೇಲೆ ಬೀಟ್ ಮಾಡಿದವರಿಗೆ ಕೆಲಸವೇ ಇರುವುದಿಲ್ಲ, ಅವರ ಕೆಲಸ ಲ್ಯಾಪ್‌ಟಾಪ್‌ನೊಳಗೆ ಮುಗಿದಿರುತ್ತದೆ. ದೂರ ಬೇರೆ. ರಸ್ತೆಯಲ್ಲಿ ಮೆಲ್ಬರ್ನ್‌ನಿಂದ ಅಡಿಲೇಡ್‌ಗೆ ಏಳುನೂರು ಕಿಲೋಮೀಟರ್‌ಗೂ ಜಾಸ್ತಿ, ಪರ್ತ್‌ಗೆ ಮೂರು ಸಾವಿರಕ್ಕೂ ಜಾಸ್ತಿ. ಸಣ್ಣ ತಂಡಕ್ಕೆ ವಿಮಾನದ ಟಿಕೆಟ್ ಹಾಕಿದರೆ ಉಳಿಯುವುದೇನೂ ಇಲ್ಲ. ಇಂಥ ಕಡೆ ಡ್ರಮ್ ಕೋಲು ಹಿಡಿಯಬಲ್ಲ ಪ್ರೊಡ್ಯೂಸರ್‌ಗೆ ವೇದಿಕೆಯ ಮೇಲೆ ಒಂದು ಸ್ಟೂಲ್ ಸಿಗುತ್ತದೆ. ಹಾಡಿನ ಹಿಂದೆ ಅಡಗಿದ್ದವರಿಗೆ ಕೂರಲು ಒಂದು ಜಾಗ ಅನ್ನಿ.

ಸುಮ್ನೆ ಸಂಬಳಕ್ಕೆ ಅಂತ ಅಲ್ಲ ಅನ್ನುವುದಕ್ಕೆ ಅವರ ಮುಂದಿನ ಕೆಲಸವೇ ಸಾಕ್ಷಿ. 2010ರಲ್ಲಿ ರ್‍ಯಾಪರ್ ಡಯಲೆಕ್ಟ್ರಿಕ್ಸ್ ಜೊತೆ 'ಆಡಿಯೋ ಪ್ರೊಜೆಕ್ಟೈಲ್' ಮಾಡಿದರು. 2013ರಲ್ಲಿ ಮತ್ತೆ ಅದೇ ರ್‍ಯಾಪರ್ ಜೊತೆ 'ದ ಕೋಲ್ಡ್ ಲೈಟ್ ಆಫ್ ಡೇ'. ಡಯಲೆಕ್ಟ್ರಿಕ್ಸ್ ಸಿಡ್ನಿಯ ಆಚೆ ಬ್ಲೂ ಮೌಂಟನ್ಸ್ ಕಡೆಯವರು. ಮಫ್‌ಗೆ ತದ್ವಿರುದ್ಧ. ವೇಗ, ಬಿರುಸು, ಒಂದೇ ಉಸಿರಿಗೆ ಸಾಲುಗಟ್ಟಲೆ ಮಾತು. ಇಂಥವರಿಗೆ ಮಫ್‌ಗೆ ಕೊಟ್ಟ ಬೀಟ್ ಕೊಟ್ಟರೆ ಆಗುವುದಿಲ್ಲ. ಇಲ್ಲಿ ಡ್ರಮ್ ರ್‍ಯಾಪರ್ ಜೊತೆ ಓಡಬೇಕು, ಕೆಲವೊಮ್ಮೆ ಜಗಳವಾಡಬೇಕು. ಈ ಎರಡು ಆಲ್ಬಂಗಳಲ್ಲಿ ಡ್ರಮ್ ಹೆಚ್ಚು ದೇಹವುಳ್ಳದ್ದಾಗಿ, ಹೆಚ್ಚು ವೇದಿಕೆಯ ಹಾಗೆ ನನಗೆ ಕೇಳಿಸುತ್ತದೆ. ರಾತ್ರಿ ಮೇಲೆ ರಾತ್ರಿ ದೊಡ್ಡ ಜನಸಾಗರದ ಮುಂದೆ ಬಾರಿಸಿದ್ದು ಸ್ಟುಡಿಯೋದ ಒಳಗೂ ಬಂದಿದೆ ಅನ್ನುವುದು ನನ್ನ ಅಭಿಪ್ರಾಯ.

ಇದು ಇವರೊಬ್ಬರ ಕಥೆಯೂ ಅಲ್ಲ. ಅದೇ ಮೆಲ್ಬರ್ನ್‌ನಲ್ಲಿ ಸೆನ್ಸಿಬಲ್ ಜೆ ಎಂಬ ಇನ್ನೊಬ್ಬ ಪ್ರೊಡ್ಯೂಸರ್ ಇದ್ದಾರೆ, ಅವರೂ ಡ್ರಮ್ಮರ್. ರೆಮಿ ಎಂಬ ರ್‍ಯಾಪರ್ ಜೊತೆ ಅವರು ಮಾಡಿದ 'ರಾ ಎಕ್ಸ್ ಇನ್ಫಿನಿಟಿ' 2014ರ ಆಸ್ಟ್ರೇಲಿಯನ್ ಮ್ಯೂಸಿಕ್ ಪ್ರೈಜ್ ಗೆದ್ದಿತು. ಮೆಲ್ಬರ್ನ್ ಪಬ್‌ಗಳಲ್ಲಿ ವಾರವಿಡೀ ತಂಡಗಳು ನುಡಿಸುವ ಊರು. ಟ್ರಿಪಲ್ ಆರ್, ಪಿಬಿಎಸ್‌ನಂಥ ಸಮುದಾಯ ರೇಡಿಯೋಗಳು ಸೋಲ್, ಫಂಕ್, ಜಾಝ್, ಹಿಪ್ ಹಾಪ್ ಎಲ್ಲವನ್ನೂ ಅಕ್ಕಪಕ್ಕ ಹಾಕುತ್ತವೆ. ಅಂಥ ಊರಿನಲ್ಲಿ ಯಂತ್ರ ಮತ್ತು ಡ್ರಮ್ ಸೆಟ್ ಎರಡನ್ನೂ ಹಿಡಿದವರು ಒಬ್ಬರಿಗಿಂತ ಹೆಚ್ಚು ಹುಟ್ಟಿದ್ದು ಆಶ್ಚರ್ಯವಲ್ಲ.

ಕಳೆದದ್ದೂ ಇದೆ. 2005ರ 'ಕೋಡ್ಸ್ ಓವರ್ ಕಲರ್ಸ್' ಆದ ಮೇಲೆ ಅವರ ಹೆಸರಿನ ದೊಡ್ಡ ಆಲ್ಬಂ 'ಡೀಪ್ ಅಬೋವ್ ದ ನಾಯ್ಸ್' ಬಂದಿದ್ದು 2016ರಲ್ಲಿ. ಹನ್ನೊಂದು ವರ್ಷ. ಆ ನಡುವೆ ಬೇರೆಯವರ ಆಲ್ಬಂ, ಬೇರೆಯವರ ಪ್ರವಾಸ. ಅದು ಅವರ ಆಯ್ಕೆ, ಅದರಿಂದ ಬಂದ ಸಂಗೀತ ನಮ್ಮ ಮುಂದೆ ಇದೆ. ಆದರೂ ಒಬ್ಬ ಕೇಳುಗನಾಗಿ ನನಗೆ ಆ ಹನ್ನೊಂದು ವರ್ಷದಲ್ಲಿ ಇನ್ನೂ ಒಂದೆರಡು ಬರಬೇಕಿತ್ತು ಅನ್ನಿಸುತ್ತದೆ. ಹೆಸರಿನ ವಿಷಯದಲ್ಲೂ ಅಷ್ಟೇ. ಆಸ್ಟ್ರೇಲಿಯನ್ ಹಿಪ್ ಹಾಪ್‌ನ ಕಥೆಯನ್ನು ರ್‍ಯಾಪರ್‌ಗಳ ಹೆಸರಿನಲ್ಲೇ ಹೇಳುತ್ತಾರೆ. ಬೀಟ್ ಕಟ್ಟಿದವರ ಹೆಸರು ಕವರ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ. ಸ್ಟ್ರೀಮಿಂಗ್‌ನಲ್ಲಿ ಆ ಹಿಂಬದಿಯೂ ಇಲ್ಲ, ಹುಡುಕಿ ಒತ್ತಿದರೆ ಮಾತ್ರ ಕಾಣುತ್ತದೆ. ಮಫ್ ಜೋಡಿಯ ಕವರ್ ಮೇಲೆ ಇಬ್ಬರ ಹೆಸರೂ ಇದ್ದದ್ದಕ್ಕೆ ಇಷ್ಟು ಬೆಲೆ ಇರುವುದು ಅದಕ್ಕೇ.

ಕೇಳಬೇಕು ಅನ್ನುವವರು 'ಹಂಗರ್ ಪೇನ್ಸ್'ನಿಂದ ಶುರು ಮಾಡಿ, ಆಮೇಲೆ ನೇರವಾಗಿ 'ದ ಕೋಲ್ಡ್ ಲೈಟ್ ಆಫ್ ಡೇ'ಗೆ ಹೋಗಿ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಕಿಕ್ ಕೇಳಿಸುವುದೇ ಇಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಮಾತು ಕೇಳಿ. ಎರಡನೇ ಸಲ ಸ್ನೇರ್ ಒಂದನ್ನೇ ಹಿಡಿದು ಹೋಗಿ, ಎಲ್ಲಿ ಸ್ವಲ್ಪ ತಡವಾಗಿ ಬೀಳುತ್ತದೆ, ಎಲ್ಲಿ ನಿಂತುಬಿಡುತ್ತದೆ ಅಂತ. ಆಮೇಲೆ ಹಿಲ್‌ಟಾಪ್ ಹುಡ್ಸ್‌ನ ಯಾವುದಾದರೂ ನೇರ ಕಾರ್ಯಕ್ರಮದ ವಿಡಿಯೋ ಹಾಕಿ ಹಿಂದೆ ಕೂತವರ ಕೈ ನೋಡಿ.